ಗೋಡೆಗೆ ಬಾಣಂತನ

"ಇದೇನ್ಲಾ ಶ್ರೀರಾಮಾ, ಗೋಡೆಗೆ ಬಾಣಂತನ ಮಾಡ್ತಿದ್ದೀಯಾ?"

ಮುನಿನಾರಾಯಣಮ್ಮ ಕಬ್ಬಿಣದ ರೇಡಿಯೇಟರಿನ ಮೇಲೆ ಅಂಗೈ ಇಟ್ಟಳು, ಅದರ ಹಿಂದಿನ ಗೋಡೆ ಮುಟ್ಟಿದಳು, ಆಮೇಲೆ ಸೊಂಟ ಹಿಡಿದುಕೊಂಡು ಬಗ್ಗಿ ನೆಲ ಮುಟ್ಟಿ ನೋಡಿದಳು. ಗೋಡೆ ಬೆಚ್ಚಗಿತ್ತು. ನೆಲ ಮಾತ್ರ ಕೊರೆಯುತ್ತಿತ್ತು. ಶ್ರೀರಾಮಪ್ಪ ತಮ್ಮನಾಗಿ ಹುಟ್ಟಿದ ತಪ್ಪಿಗೆ ಕೈಕಟ್ಟಿ ನಿಂತಿದ್ದ. ಚಿನ್ನದ ಗಣಿಯ ಉಗ್ರಾಣದಲ್ಲಿ ಅವನೆದುರು ಉಳಿದವರು ಹಾಗೆ ನಿಲ್ಲುತ್ತಿದ್ದರು; ಅಕ್ಕನ ಮುಂದೆ ಆ ದರ್ಬಾರು ನಡೆಯುತ್ತಿರಲಿಲ್ಲ.

ಗಣಿ ಸರ್ಕಾರದ ಕೈಗೆ ಬಂದು ಬಿಳಿಯ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದ ಮೇಲೆ ಈ ಬಂಗಲೆ ಅವನ ಪಾಲಿಗೆ ಬಂದಿತ್ತು. ಹಿಂದೆ ಇಲ್ಲಿದ್ದ ದೊರೆಸಾನಿಗೆ ಮಾರ್ಗಶಿರದ ಚಳಿ ಆಗಿಬರುತ್ತಿರಲಿಲ್ಲವಂತೆ. ದೊರೆ ಹಿತ್ತಿಲಲ್ಲಿ ಬಾಯ್ಲರ್ ಕೂರಿಸಿ, ಅಲ್ಲಿಂದ ಬಿಸಿನೀರಿನ ಪೈಪು ಎಳೆಸಿ, ಮಲಗುವ ಕೋಣೆಯ ಗೋಡೆಗೆ ಈ ರೇಡಿಯೇಟರ್ ಹಾಕಿಸಿದ್ದ. ಅವರು ಕುರ್ಚಿಯಲ್ಲಿ ಕೂತು ಮಂಚದಲ್ಲಿ ಮಲಗುವ ಜನ, ಅವರಿಗೆ ಅದು ಸರಿ. ಶ್ರೀರಾಮಪ್ಪನ ಮನೆಯಲ್ಲಿ ಊಟ, ಹರಟೆ, ಅಕ್ಕಿ ಆರಿಸುವುದು, ನಿದ್ದೆ, ಜಗಳ ಎಲ್ಲವೂ ನೆಲದ ಮೇಲೆಯೇ ನಡೆಯಬೇಕು.

ಮಗಳು ವೆಂಕಟರತ್ನಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಳು. ತಾಯಿ ತೀರಿಕೊಂಡಿದ್ದಳು, ಬಾಣಂತನ ಮಾಡಬೇಕಾದವಳು ಸೋದರತ್ತೆ ಮುನಿನಾರಾಯಣಮ್ಮನೇ. ಬೂದಿಕೋಟೆಯಲ್ಲಿ ಅರ್ಧ ಊರಿನ ಬಾಣಂತಿಯರನ್ನು ಅವಳೇ ಎಬ್ಬಿಸಿ ನಿಲ್ಲಿಸಿದ್ದಳು. ಕಿಟಕಿ ಬಾಗಿಲು ಮುಚ್ಚಿದ ಕೋಣೆ, ಹಗ್ಗದ ಮಂಚ, ಅದರ ಕೆಳಗೆ ಹಗಲೂ ರಾತ್ರಿ ಕೆಂಡ ತುಂಬಿದ ಅಗ್ಗಿಷ್ಟಿಕೆ, ಇದು ಅವಳ ಕ್ರಮ. ಆದರೆ ರತ್ನಳಿಗೆ ಉಬ್ಬಸ. ಚಿಕ್ಕಂದಿನಲ್ಲಿ ಒಮ್ಮೆ ಬೂದಿಕೋಟೆಯ ಒಲೆಯ ಹೊಗೆಗೆ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಗಾಡಿಯಲ್ಲಿ ಅವಳನ್ನು ಬಂಗಾರಪೇಟೆ ಆಸ್ಪತ್ರೆಗೆ ಒಯ್ದಿದ್ದರು. ದಾರಿಯುದ್ದಕ್ಕೂ ಶ್ರೀರಾಮಪ್ಪ ಆ ಪುಟ್ಟ ಎದೆಯ ಸಿಳ್ಳು ಕೇಳಿಸಿಕೊಂಡಿದ್ದ. ಕೆಂಡದ ಕೋಣೆ ಎಂದರೆ ಇವತ್ತಿಗೂ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು.

"ಒಗೆ ಬ್ಯಾಡ ಅಕ್ಕಾ. ಇದ್ರಲ್ಲಿ ಒಗೇನೇ ಇಲ್ಲ ನೋಡು."

"ಒಗೆ ಇಲ್ಲ ಸರಿ, ಶಾಖ ಎಲ್ಲೈತೆ? ಶಾಖ ಕೆಳಗಿಂದ ಬರ್ಬೇಕು ಕಣ್ಲಾ, ಸೊಂಟಕ್ಕೆ ತಗಲ್ಬೇಕು. ಈ ನೆಲದ ಮೇಲೆ ಬಾಣಂತೀನ ಮಲಗ್ಸಿ, ನಾಳೆ ಸನ್ನಿ ಇಡಿದ್ರೆ ಜನ ನಿನ್ನನ್ನ ಬಯ್ಯಲ್ಲ, ನನ್ನನ್ನ ಬಯ್ತಾರೆ. ಇಲ್ಲಿ ನೆಲ ಬೆಚ್ಚಗಾಗ್ಲಿ, ಇಲ್ಲಾಂದ್ರೆ ನನ್ನ ಅಗ್ಗಿಷ್ಟಿಕೆ ಇಡ್ತೀನಿ. ಅದೂ ಬ್ಯಾಡಾಂದ್ರೆ ನಾನು ಬಸ್ಸು ಅತ್ತುತೀನಿ."

ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಮಣ್ಣಿನ ಅಗ್ಗಿಷ್ಟಿಕೆ ವರಾಂಡದಲ್ಲೇ ಕೂತಿತ್ತು. ಅದು ಬಾಯಿ ತೆರೆದುಕೊಂಡು ತನ್ನನ್ನೇ ನೋಡುತ್ತಿದೆ ಅನ್ನಿಸಿ ಶ್ರೀರಾಮಪ್ಪ ಮುಖ ತಿರುಗಿಸಿದ.

ಮಾರನೆಯ ದಿನ ಆಂಡರ್ಸನ್‌ಪೇಟೆಯ ಫಿಟ್ಟರ್ ಆರುಮುಗಂ ಬಂದು ನೋಡಿ ತಲೆ ಕೆರೆದುಕೊಂಡ.

"ಈ ರೇಡಿಯೇಟರ್ ಬಿಚ್ಚಿದ್ರೆ ನೀರು ಬರೋ ಪೈಪು, ಓಗೋ ಪೈಪು, ಎರಡೂ ಇಲ್ಲೇ ಸಿಗ್ತದೆ ಸಾರ್. ಮಧ್ಯದಲ್ಲಿ ನೆಲದೊಳಗೆ ಜಿಲೇಬಿ ಸುತ್ತಿದಂಗೆ ಪೈಪು ಸುತ್ತಿಬಿಡಾಣ. ಮೇಲೆ ಗಾರೆ. ಅಷ್ಟೇ ತಾನೆ?"

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಉಗ್ರಾಣದ ಅಧಿಕಾರಿ ಉಗ್ರಾಣದ ಪೈಪು ಮುಟ್ಟಬಾರದೆಂದು ಶ್ರೀರಾಮಪ್ಪ ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಪೈಪು ಹೊಂದಿಸಿದ. ಕೋಣೆಯ ನೆಲ ಅಗೆದಿದ್ದಾಯಿತು. ಪೈಪು ಮಲಗಿತು, ಅದರ ಮೇಲೆ ಮರಳು ಸುಣ್ಣದ ಗಾರೆ ಬಿತ್ತು, ಕೆಂಪು ಬಣ್ಣದ ನುಣುಪು ನೆಲ ಎದ್ದಿತು. ಅಷ್ಟು ದಿನವೂ ಮುನಿನಾರಾಯಣಮ್ಮ ಬಾಗಿಲಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಾ ಮೇಲ್ವಿಚಾರಣೆ ನಡೆಸಿದಳು. ಗಾರೆ ಒಣಗಲಿ ಎಂದು ಅಪ್ಪ ಕಾಯುತ್ತಿದ್ದ, ದಿನ ತುಂಬಿದ ಮಗಳು ನಡುಮನೆಯಲ್ಲಿ ಉಸ್ಸೆನ್ನುತ್ತಾ ಕೂತಿದ್ದಳು.

ಕೊನೆಗೆ ಬಾಯ್ಲರ್ ಹೊತ್ತಿಸಿದರು. ಸ್ವಲ್ಪ ಹೊತ್ತಿಗೆ ನೆಲದೊಳಗಿಂದ ಗುಡುಗುಡು ಸದ್ದು ಬಂತು.

"ನೆಲಕ್ಕೆ ಒಟ್ಟೆ ಉಬ್ರಿಸಿದೆ," ಎಂದಳು ಅಕ್ಕ. "ಓಮದ ಕಷಾಯ ಉಯ್ಯಿ."

"ಪೈಪಲ್ಲಿ ಗಾಳಿ ಸೇರ್ಕೊಂಡದೆ ಅಮ್ಮಾ," ಎಂದ ಆರುಮುಗಂ.

"ನಾನು ಬ್ಯಾರೆ ಏನೇಳ್ದೆ?"

ಅವನು ತಿರುಗಣೆ ಸಡಿಲಿಸಿ ಗಾಳಿ ಬಿಟ್ಟ. ಸದ್ದು ನಿಂತಿತು. ಶ್ರೀರಾಮಪ್ಪ ಕಚೇರಿಗೆ ಹೋಗಿಬರುವಷ್ಟರಲ್ಲಿ ನೆಲ ಕಾದಿತ್ತು. "ಬಾ ಅಕ್ಕಾ, ಮೊದಲ್ನೇ ಎಜ್ಜೆ ನೀನೇ ಇಡು," ಎಂದು ದೊಡ್ಡ ಮನಸ್ಸು ಮಾಡಿ ಕರೆದ. ಅಕ್ಕ ಬಲಗಾಲಿಟ್ಟು ಒಳಗೆ ಹೋದಳು. ಎರಡನೆಯ ಹೆಜ್ಜೆಗೆ "ಅಯ್ಯಯ್ಯಪ್ಪೋ!" ಎಂದು ಸೀರೆ ಎತ್ತಿಕೊಂಡು, ಮಂಡಿನೋವೆಲ್ಲ ಮರೆತು, ಹುಡುಗಿಯ ಹಾಗೆ ಕುಪ್ಪಳಿಸಿಕೊಂಡು ಹೊರಗೆ ಬಂದಳು.

"ಬಾಣಂತೀನ ಬೆಚ್ಚಗಿಡ್ತೀಯೋ, ಅವರೆಕಾಳು ಉರಿದಂಗೆ ಉರೀತೀಯೋ? ಗೋಡೆಗಾದ್ರೆ ಬಿಸಿ ಬೇಕಾಗಿತ್ತು, ನೆಲಕ್ಕೂ ಅಷ್ಟೇ ಬಿಸೀನಾ?"

ಅವಳು ವರಾಂಡಕ್ಕೆ ಹೋಗಿ ಅಗ್ಗಿಷ್ಟಿಕೆಗೆ ಇದ್ದಿಲು ತುಂಬತೊಡಗಿದಳು. ಅದೇ ಹೊತ್ತಿಗೆ ರತ್ನ ನಡುಮನೆಯಿಂದ "ಅತ್ತೇ" ಎಂದು ಕೂಗಿದಳು. ನೋವು ಶುರುವಾಗಿತ್ತು.

ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಮೊಮ್ಮಗಳ ಮುಖ ನೋಡಿದ ಶ್ರೀರಾಮಪ್ಪ ಅತ್ತೇಬಿಟ್ಟ. ಆದರೆ ಮನೆಗೆ ಬರುವ ದಾರಿಯಲ್ಲಿ ಆ ಸಂತೋಷವೂ ಕರಗಿತು. ಇನ್ನು ಕೆಲವೇ ದಿನದಲ್ಲಿ ಮಗಳನ್ನು ಮನೆಗೆ ಕಳಿಸುತ್ತಾರೆ. ಒಳಗೆ ಕಾದ ಹೆಂಚು, ಹೊರಗೆ ಇದ್ದಿಲು.

ಬಚ್ಚಲಲ್ಲಿ ಅಕ್ಕ ಅವನಿಗೆ ನೀರು ತೋಡುತ್ತಿದ್ದಳು. ಹಂಡೆಯಿಂದ ಕುದಿಯುವ ನೀರು ಎರಡು ಚೊಂಬು, ತೊಟ್ಟಿಯಿಂದ ತಣ್ಣೀರು ಒಂದು ಚೊಂಬು. ಮುಂಗೈ ಅದ್ದಿ ನೋಡಿ, ಇನ್ನಷ್ಟು ತಣ್ಣೀರು. "ಊಂ, ಈಗ ಅದವಾಯ್ತು, ಉಯ್ಕೋ," ಎಂದಳು. ಮೊದಲ ಚೊಂಬು ಮೈಮೇಲೆ ಬಿದ್ದದ್ದೇ ತಡ, ಶ್ರೀರಾಮಪ್ಪ ಟವಲು ಸುತ್ತಿಕೊಂಡು, ನೀರು ತೊಟ್ಟಿಕ್ಕುತ್ತಾ, ಆರುಮುಗಂ ಬಾಯ್ಲರ್ ನೋಡುತ್ತಿದ್ದ ಹಿತ್ತಿಲಿಗೆ ಓಡಿದ.

"ಆರುಮುಗಂ! ನೆಲದಿಂದ ವಾಪಸ್ ಬರೋ ನೀರು ಬೆಚ್ಚಗಿರ್ತದೋ ತಣ್ಣಗಿರ್ತದೋ?"

"ಆರಿ ಓಗಿರ್ತದೆ ಸಾರ್," ಎಂದ ಆರುಮುಗಂ, ಉಗ್ರಾಣದ ಅಧಿಕಾರಿಯ ಹೊಟ್ಟೆಯ ಕಡೆ ನೋಡದಿರಲು ಪ್ರಯತ್ನಿಸುತ್ತಾ.

"ಅದನ್ನೇ ಒಂದು ಪಾಲು ಬಿಸಿನೀರಿಗೆ ಬೆರೆಸಿ ಮತ್ತೆ ಒಳಕ್ಕೆ ಬಿಡು!"

ಎರಡು ಪೈಪುಗಳ ನಡುವೆ ಒಂದು ಅಡ್ಡಪೈಪು, ಬೆರಕೆ ಹೆಚ್ಚು ಕಡಿಮೆ ಮಾಡಲು ಒಂದು ತಿರುಗಣೆ ಬಂತು. ಆರುಮುಗಂ ಅದನ್ನು ಕೂದಲೆಳೆಯಷ್ಟು ತಿರುಗಿಸುವುದು, ಶ್ರೀರಾಮಪ್ಪ ಒಳಗೆ ಹೋಗಿ ನೆಲಕ್ಕೆ ಮುಂಗೈ ಒತ್ತಿ ನೋಡುವುದು, ಮತ್ತೆ ತಿರುಗಿಸುವುದು, ಹೀಗೇ ನಡೆಯಿತು.

ರತ್ನ ಮಗುವನ್ನು ಎತ್ತಿಕೊಂಡು ಬಂದ ದಿನ ಅಕ್ಕ ಆರತಿ ಎತ್ತಿದಳು, ಆದರೆ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತಳು. "ಮೊದ್ಲು ನಾನು ನೋಡ್ಬೇಕು." ಹೆಬ್ಬೆರಳು ಇಟ್ಟಳು. ಪಾದ ಇಟ್ಟಳು. ನಡುವೆ ಹೋಗಿ ನಿಂತಳು. ಕೂತಳು. "ಸೊಂಟಕ್ಕೆ ತಗಲ್ತದಾ ಇಲ್ವಾ ನೋಡ್ಬೇಕಲ್ಲ," ಎಂದು ಚಾಪೆಯೂ ಇಲ್ಲದೆ ನೆಲದ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದಳು.

ಬಾಗಿಲಲ್ಲಿ ಅಪ್ಪ, ಮಗಳು, ಮಗು, ಆರುಮುಗಂ ಉಸಿರು ಬಿಗಿಹಿಡಿದು ತೀರ್ಪಿಗೆ ಕಾದರು.

"ಏನಂತೀಯಾ ಅಕ್ಕಾ?" ಎಂದ ಶ್ರೀರಾಮಪ್ಪ, ಕೊನೆಗೆ ತಡೆಯಲಾರದೆ.

ಅಕ್ಕ ಗೊರಕೆ ಹೊಡೆದಳು. ರತ್ನ ನಗತೊಡಗಿದಳು. ನಕ್ಕು ನಕ್ಕು ಗೋಡೆಗೆ ಒರಗಿದಳು. ನಗುವಿನ ನಡುವೆ ಕೆಮ್ಮು ಬರುತ್ತದೇನೋ ಎಂದು ಅವಳ ಅಪ್ಪ ಕಿವಿಗೊಟ್ಟು ನಿಂತೇ ಇದ್ದ, ಬರಲಿಲ್ಲ.

ಎದ್ದ ಮೇಲೂ ಅಕ್ಕ ಒಳ್ಳೆಯದು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ಬಾಣಂತಿಯ ಹಾಸಿಗೆಯ ಪಕ್ಕದಲ್ಲೇ ತನ್ನದನ್ನೂ ಹಾಸಿಕೊಂಡಳು, ಅಷ್ಟೆ.

ಮಗುವಿಗೆ ನಾಮಕರಣವಾದ ಮೇಲೆ ಒಂದು ಬೆಳಿಗ್ಗೆ ಶ್ರೀರಾಮಪ್ಪ ಮಗಳ ಕೋಣೆಯ ಬಾಗಿಲಿಗೆ ಕಿವಿಯಿಟ್ಟ. ಒಳಗೆ ತಾಯಿ ಮಗು ಇಬ್ಬರ ಉಸಿರೂ ಸದ್ದಿಲ್ಲದೆ ಆಡುತ್ತಿತ್ತು. ಧೈರ್ಯ ಬಂದು, ಬೂದಿಕೋಟೆ ಕಡೆಗೆ ಹೊರಟವರ ಕೈಯಲ್ಲಿ ಆ ಅಗ್ಗಿಷ್ಟಿಕೆಯನ್ನು ವಾಪಸು ಕಳಿಸಿಬಿಡೋಣವೆಂದು ವರಾಂಡಕ್ಕೆ ಬಂದ. ಅದು ಅಲ್ಲಿರಲಿಲ್ಲ. ಹುಡುಕಿಕೊಂಡು ಹಿತ್ತಿಲಿಗೆ ಹೋದ.

ಬಾಯ್ಲರಿನ ಪಕ್ಕದ ಎಳೆಬಿಸಿಲಿನಲ್ಲಿ ಅಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಅಗ್ಗಿಷ್ಟಿಕೆಯ ತುಂಬ ಮಣ್ಣು, ಮಣ್ಣಿನಲ್ಲಿ ಊರಿದ ದೊಡ್ಡಪತ್ರೆಯ ಕಡ್ಡಿ. ಅದರ ತುದಿಯಲ್ಲಿ ಎರಡು ಎಲೆ ಚಿಗುರಿದ್ದವು. ಅಕ್ಕ ಚೊಂಬಿನ ನೀರಿಗೆ ಮುಂಗೈ ಅದ್ದಿ ನೋಡಿ, ಬುಡಕ್ಕೆ ಮೆಲ್ಲಗೆ ಹಾಕಿದಳು.