ಎರಡು ವರ್ಷದ ಪ್ರೊಫೆಸರ್

ಸಾಲ್ವಡಾರ್ ನಗರದ ವಿಶ್ವವಿದ್ಯಾಲಯದಲ್ಲಿ ಅಂದು ನಡೆದ ಪಿಎಚ್.ಡಿ. ಮೌಖಿಕ ಪರೀಕ್ಷೆಯ ಕಾವಿಗೆ, ಬೀದಿಯಲ್ಲಿ ಅಕರಾಜೆ ವಡೆ ಮಾರುವವಳ ಬಾಣಲೆಯ ತಾಳೆ ಎಣ್ಣೆ ಒಲೆಯಿಲ್ಲದೆ ಕುದಿಯಿತು. ಪ್ರಬಂಧ ಜುಸಿಲೇಡಿಯದು; ವಿಷಯ ಅವಳೇ ದೀಕ್ಷೆ ಪಡೆದಿದ್ದ ಕಾಂದೊಂಬ್ಲೆ ಧರ್ಮ. ಪರೀಕ್ಷಕ ಪ್ರೊಫೆಸರ್ ಟೂರಿನ್ಯೊ; ಅವನಿಗಿಂತ ಅರ್ಧ ಗಂಟೆ ಮೊದಲೇ ಅವನ ಮೂಗು ಒಳಗೆ ಬಂದಿತ್ತು.

"ದೀಕ್ಷೆಯ ಕೋಣೇಲಿ ಏನು ಮಾಡ್ತಾರೆ ಅಂತ ಒಂದು ಸಾಲೂ ಇಲ್ವಲ್ಲಮ್ಮ! ಬರೀದಿದ್ರೆ ಫೇಲು."

"ಅದನ್ನ ಹೊರಗೆ ಹೇಳಂಗಿಲ್ಲ ಸರ್."

"ಹಂಗಾದ್ರೆ ಹೋಗಿ ವಡೆ ಕರಿ. ನಾನೂ ದೀಕ್ಷೆ ತಗೊಂಡೋನೇ, ನನಗೇ ಧರ್ಮ ಕಲಿಸ್ತೀಯಾ?"

ಎಂಟು ವರ್ಷದ ದುಡಿಮೆ ಮಣ್ಣುಪಾಲಾಗುವುದು ಅವಳಿಗೆ ಕಂಡಿತು. "ತಗೊಂಡು ಎಷ್ಟು ವರ್ಷ ಆಯ್ತು?"

"ಎರಡು."

"ನಂದು ಹನ್ನೊಂದು."

ಪರೀಕ್ಷೆ ನೋಡಲು ಬಂದು ಹಿಂದಿನ ಸಾಲಿನಲ್ಲಿದ್ದ ಕಾಂದೊಂಬ್ಲೆ ಗುಡಿಯ ಹೆಂಗಸರು ಕಿಸಕ್ಕೆಂದರು. ಅವರು ವಯಸ್ಸು ಎಣಿಸುವುದು ದೀಕ್ಷೆಯ ದಿನದಿಂದ, ಹುಟ್ಟಿದ ದಿನದಿಂದಲ್ಲ. ಇಬ್ಬರಿಗೂ ದೀಕ್ಷೆ ಕೊಟ್ಟ ಗುರುತಾಯಿ ವಾಲ್ದೆಲಿಸಿ ಏಳು ಬೀದಿಗೆ ಕೇಳುವಂತೆ ಕೋಲು ಕುಟ್ಟಿದಳು.

"ಲೋ ಮಗಾ, ಎರಡು ವರ್ಷದ ಕೂಸು ಅಕ್ಕನ್ನ ಗದರಿಸ್ತದಾ? ಮೊದಲು ಆಶೀರ್ವಾದ ಬೇಡು. ಇಲ್ಲಾಂದ್ರೆ ನಿನ್ನ ದೀಕ್ಷೆ ಸುಳ್ಳು ಅಂತ ಎಲ್ರ ಮುಂದೆ ಒಪ್ಕೋ."

ದೀಕ್ಷೆ ಸುಳ್ಳಾದರೆ ಅದರ ಮೇಲೆ ಅವನು ಬರೆದು ಹೆಸರು ಗಳಿಸಿದ ಪುಸ್ತಕವೂ ಸುಳ್ಳು. ಟೂರಿನ್ಯೊ ಹಲ್ಲು ಕಡಿಯುತ್ತ ಬಾಗಿ ನೆಲ ಮುಟ್ಟಿದ.

"ಆಶೀರ್ವಾದ ಮಾಡಕ್ಕಾ."

ಜುಸಿಲೇಡಿ ನೂರು ವರ್ಷ ಕಾಯಿಸಿ ಕೈ ಚಾಚಿದಳು. "ಆ ಕೋಣೆ ವಿಷಯ ನಿನ್ನ ಪುಸ್ತಕದಲ್ಲೂ ಇಲ್ಲ ತಮ್ಮಾ. ಸಹಿ ಹಾಕು."

ಅವನು ಫಲಿತಾಂಶ ಬರೆದು ಸಹಿ ಒತ್ತಿದ ರಭಸಕ್ಕೆ ಪೆನ್ನು ಕಾಗದ ಹರಿದು ಮೇಜಿಗಿಳಿಯಿತು. 'ಉತ್ತೀರ್ಣ' ಎಂಬುದು ಆ ಮರದಲ್ಲಿ ಇಂದಿಗೂ ಇದೆ.