ಬೋಯಿ ಅಂದರೆ ಬಾರೇ

ಭಾನುಮತಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ಕೂಗಾಟವಿಲ್ಲ, ಕೈ ತಣ್ಣಗಾಗುತ್ತದೆ. ಆ ಶನಿವಾರ ಮಧ್ಯಾಹ್ನ ಮೌಂಟ್ ರಾಸ್ಕಿಲ್ ಬಡಾವಣೆಯ ತನ್ನ ಅಡುಗೆಮನೆಯಲ್ಲಿ ಕೂತು, ಕನ್ನಡ ಕೂಟದ ಹೊಸ ಪುಸ್ತಕವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾ ಹನ್ನೊಂದನೇ ಪುಟಕ್ಕೆ ಬಂದಾಗ ಅವಳ ಕೈ ತಣ್ಣಗಾಯಿತು.

ಆ ಪುಟದಲ್ಲಿದ್ದದ್ದು ಪಕ್ಕದ ಮನೆಯ ಪ್ನಿನಾಳ ಪದ್ಯ. ಇಸ್ರೇಲಿನಿಂದ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಪ್ನಿನಾ ಬರೆಯುವುದು ಹೀಬ್ರೂವಿನಲ್ಲೇ. ಕೂಟದವರು ಬೇರೆ ಭಾಷೆಯ ಪದ್ಯ ಬೇಕೆಂದಾಗ ತಾನೇ ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟಳು. ಆ ಹಾಳೆಯನ್ನು ಬೇಲಿ ದಾಟಿಸಿ ತಂದವಳು ಭಾನುಮತಿ. ಕನ್ನಡಕ್ಕೆ ತಂದವನು ಕೂಟದ ಕಾರ್ಯದರ್ಶಿ ಶ್ರೀಕರ್, ಪೆನ್‌ರೋಸ್‌ನಲ್ಲಿ ಎಂಜಿನಿಯರ್.

ಮೇಲೆ ‘ನಲ್ಲನಿಗೆ’ ಎಂದು ದಪ್ಪಕ್ಷರ. ಕೆಳಗೆ, ‘ಕತ್ತಲಾಯಿತು, ಒಳಗೆ ಬಾರೋ. ಕಾಲು ತೊಳೆದು ಒಳಗೆ ಬಾರೋ.’

ನಲ್ಲನಂತೆ! ಪ್ನಿನಾ ಕರೆಯುತ್ತಿದ್ದದ್ದು ಅಯಾಲಾಳನ್ನು, ಒಂಬತ್ತು ವರ್ಷದ ಮಗಳನ್ನು. ಸಂಜೆ ಆಡಲು ಹೋದವಳು ಲಾರಿಗೆ ಸಿಕ್ಕಿದ್ದಳು. ಒಂದೇ ಒಂದು ಸಲ, ಬೇಲಿಯ ಮೇಲೆ ಕೈಯಿಟ್ಟು ಪ್ನಿನಾ ಅದನ್ನು ಹೇಳಿದ್ದಳು. ಅವತ್ತು ಪ್ನಿನಾ ತೊಟ್ಟಿದ್ದ ಬಟ್ಟೆಯ ಬಣ್ಣವೂ ಭಾನುಮತಿಗೆ ನೆನಪಿದೆ.

ಫೋನ್ ಮಾಡಿದ ಅರ್ಧ ಗಂಟೆಗೆ ಶ್ರೀಕರ್ ಬಂದ.

“ಏನಾಯ್ತು ಆಂಟಿ? ನಿಮ್ಮ ದನಿ ಕೇಳಿ ಹೆದರಿಬಿಟ್ಟೆ.”

“ಇದು ಯಾರಿಗೆ ಬರೆದಿದ್ದು, ಗೊತ್ತೇನೋ?”

“ಬಾಯ್‌ಫ್ರೆಂಡ್‌ಗೆ ಇರ್ಬೇಕು. ಅಜ್ಜಿ ಆ ಕಾಲಕ್ಕೆ ಜೋರಾಗೇ ಇದ್ರು ಅನ್ಸತ್ತೆ!”

“ಸತ್ತ ಮಗಳಿಗೆ.”

ಅವನ ನಗು ನಿಂತಿತು. “ಇಂಗ್ಲಿಷಲ್ಲಿ ‘ಕಮ್’ ಅಂತ ಅಷ್ಟೇ ಇತ್ತು ಆಂಟಿ. ಗಂಡೋ ಹೆಣ್ಣೋ ಹೆಂಗೆ ಗೊತ್ತಾಗ್ಬೇಕು? ನಿಮಗೇನು ಹೀಬ್ರೂ ಬರತ್ತಾ?”

“ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು. ಆದ್ರೆ ಕಿವಿ ಇದೆ. ಹನ್ನೆರಡು ವರ್ಷದಿಂದ ಅವಳು ನನ್ನ ‘ಬೋಯಿ’ ಅಂತ ಕರೀತಾಳೆ. ನಮ್ಮನೆಯವರನ್ನೂ ಅವಳ ಗಂಡು ಬೆಕ್ಕನ್ನೂ ‘ಬೋ’ ಅಂತಾಳೆ. ಬೋ ಅಂದ್ರೆ ಬಾರೋ, ಬೋಯಿ ಅಂದ್ರೆ ಬಾರೇ. ಈ ಪದ್ಯ ಓದುವಾಗ ಅವಳು ಬೋಯಿ, ಬೋಯಿ ಅನ್ನೋದನ್ನ ಎಷ್ಟು ಸಲ ಕೇಳಿದೀನಿ! ನಿಂಗೆ ಗೊತ್ತಾಗ್ಲಿಲ್ಲ, ಸರಿ. ಒಂದು ಮಾತು ಕೇಳೋಕೇನಾಗಿತ್ತು ರೋಗ? ಕಾಲು ತೊಳೆದು ಬಾ ಅಂತ ಯಾವಳಾದ್ರೂ ನಲ್ಲನಿಗೆ ಹೇಳ್ತಾಳೇನೋ?”

“ಇನ್ನೂರು ಕಾಪಿ ಪ್ರಿಂಟಾಗಿ ಕಾರಲ್ಲಿದೆ ಆಂಟಿ. ನಾಳೆ ಬೆಳಿಗ್ಗೆ ಪಾಪಕುರಾದಲ್ಲಿ ಪುಸ್ತಕ ಬಿಡುಗಡೆ ಪ್ರೋಗ್ರಾಂ. ಅಜ್ಜಿ ಸುಮ್ನೆ ಸ್ಟೇಜ್ ಮೇಲೆ ಕೂತಿರ್ತಾರೆ. ಕನ್ನಡ ಬರಲ್ವಲ್ಲ, ಗೊತ್ತೇ ಆಗಲ್ಲ.”

ಭಾನುಮತಿ ಎದ್ದು ನಿಂತಳು.

“ಗೊತ್ತಾಗಲ್ಲ ಅಂತಲೇ ಕಣೋ ನಂಗೆ ಮೈ ಉರಿಯೋದು! ನೀನು ಬಾರೋ ಬಾರೋ ಅಂತ ಓದ್ತೀಯ. ಜನ ಮುಸಿಮುಸಿ ನಗ್ತಾರೆ. ಅವಳು ತನ್ನ ಮಗಳ ಪದ್ಯ ಕೇಳ್ತಿದಾರೆ ಅಂದ್ಕೊಂಡು ತಾನೂ ನಗ್ತಾಳೆ, ಮರ್ಯಾದೆಗೆ. ನಾನು ಅದನ್ನ ನೋಡ್ಕೊಂಡು ಕೂತಿರ್ಬೇಕಾ? ತಗೊಂಡು ಬಾ ಒಳಗೆ, ಎಲ್ಲಾ ಡಬ್ಬಾನೂ.”

ಅವನು ತಂದ. ಅವಳು ಮೊಮ್ಮಗಳ ಮೇಜಿನಿಂದ ಅಕ್ಷರ ಅಳಿಸುವ ವೈಟ್ನರ್ ಎರಡು ಬಾಟಲಿ ತಂದು ಒಂದನ್ನು ಅವನ ಮುಂದೆ ಕುಕ್ಕಿದಳು. ‘ರೋ’ದ ನಡುವಿನ ಕೊಂಬನ್ನು ಬಿಳಿ ಮಾಡಿ ತೋರಿಸಿದಳು. ಉಳಿದದ್ದು ‘ರೇ’.

ಕೂರು ಎಂದಳು, ಕಾಫಿ ಬೇಕಾ ಎನ್ನಲಿಲ್ಲ. ನಲವತ್ತು ಪುಸ್ತಕವಾಗುವಷ್ಟರಲ್ಲಿ ಅವನು ಬೆರಳು ನೀವಿಕೊಂಡ.

“ಮುಂದಿನ ಸಾಲಿನವರಿಗೆ ಐವತ್ತು ಸಾಕಲ್ವಾ ಆಂಟಿ? ಉಳಿದಿದ್ದನ್ನ ಯಾರೂ ಬಿಚ್ಚಿ ನೋಡಲ್ಲ.”

ಅವಳು ತಲೆಯೆತ್ತದೆ ಎರಡನೇ ಡಬ್ಬವನ್ನು ಕಾಲಿನಿಂದ ಅವನತ್ತ ತಳ್ಳಿದಳು.

“ನಲ್ಲನಿಗೆ ಅನ್ನೋದನ್ನ ಪೂರ್ತಿ ಅಳಿಸು.”

“ಅದರ ಜಾಗದಲ್ಲಿ ಏನು ಬರೀಲಿ?”

“ಏನೂ ಬರೀಬೇಡ. ಪದ್ಯಕ್ಕೆ ಅವಳು ಹೆಸರಿಟ್ಟಿರಲಿಲ್ಲ.”