ಬೆಂಕಿಗೂಸಿನ ಹಾಸಿಗೆ

ಬಹಳ ಬಹಳ ಹಿಂದೆ, ಕಾಡಿಗೂ ಊರಿಗೂ ನಡುವೆ ಬೇಲಿಯಿಲ್ಲದಿದ್ದ ಕಾಲದಲ್ಲಿ, ಬೆಂಕಿ ಇನ್ನೂ ಹಸುಗೂಸಾಗಿತ್ತಂತೆ. ಕಲ್ಲಿನ ಹೊಟ್ಟೆಯಲ್ಲಿ ಹುಟ್ಟಿ ಹೊರಬಂದದ್ದೇ ಮಲಗಲು ಮೆತ್ತನೆಯ ಜಾಗ ಹುಡುಕಿತಂತೆ. ಮಣ್ಣು ತಣ್ಣಗಿದೆ ಎಂದಿತು, ಮರ ಒತ್ತುತ್ತದೆ ಎಂದಿತು. ಕೊನೆಗೊಂದು ಹಕ್ಕಿ ಕನಿಕರಪಟ್ಟು ತನ್ನ ಹಳೆಯ ಗೂಡು ಬಿಟ್ಟುಕೊಟ್ಟಿತು. ಈ ಕತೆ ಹೇಳುವಾಗ ಅಜ್ಜಿ ಎರಡೂ ಕೈ ಸೇರಿಸಿ ಬೊಗಸೆ ಮಾಡುತ್ತಿದ್ದಳು. ನಾನು ಅದರೊಳಗೆ ಇಣುಕಿ, ಮಲಗಿದ ಕೂಸನ್ನು ಕಂಡೇ ಕಂಡೆ ಎಂದುಕೊಳ್ಳುತ್ತಿದ್ದೆ.

ಕತೆ ಕೇಳಿ ಬೆಳೆದ ಮಾತ್ರಕ್ಕೆ ಒಲೆ ಹೊತ್ತಿಸಲು ಬಂದುಬಿಡುವುದಿಲ್ಲ. ಆದರೂ ಆ ವರ್ಷ ಹೊಳೆಯಾಚೆಯ ವನಭೋಜನಕ್ಕೆ ಹೊರಡುವ ಮುನ್ನ ದಾಕ್ಷಾಯಿಣಿ ಅತ್ತಿಗೆಗೆ ನಾನು ಮಾತು ಕೊಟ್ಟಿದ್ದೆ: "ಅಲ್ಲಿನ ಒಲೆ ನಿಮ್ಮ ಕೈಯಿಂದಲೇ ಹೊತ್ತಬೇಕು, ಹಾಗೆ ಮಾಡ್ತೀನಿ."

ಅತ್ತಿಗೆ ನಮ್ಮಣ್ಣನ ಕೈಹಿಡಿದು ಬಂದ ಹೊಸತರಲ್ಲಿ, ಒಂದು ಸಂಜೆ ದೇವರ ಮುಂದಿನ ದೀಪಕ್ಕೆ ಎಣ್ಣೆ ಸುರಿದು ಬತ್ತಿಯನ್ನು ಮೇಲೆತ್ತಿದ್ದರು. ಪರದೆ ಹೊತ್ತಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ, ನಿಜ. ಆದರೆ ಮನೆಯ ಅಡುಗೆ ನೋಡಿಕೊಳ್ಳುತ್ತಿದ್ದ ನಮ್ಮ ಸೋದರತ್ತೆ ಚೆನ್ನತ್ತೆ, "ಈಕೆ ಕೈಗೆ ಬೆಂಕಿ ಕೊಡಬೇಡಿ" ಎಂದುಬಿಟ್ಟಳು. ಅಂದಿನಿಂದ ಅತ್ತಿಗೆಗೆ ಹೆಚ್ಚುವುದು, ರುಬ್ಬುವುದು, ತೊಳೆಯುವುದು ಅಷ್ಟೇ. ಗಂಡನಿಗೆ ಲೋಟ ಹಾಲು ಕಾಯಿಸಬೇಕಾದರೂ ಇನ್ನೊಬ್ಬರನ್ನು ಕೇಳಬೇಕು. ವನಭೋಜನದ ಮರುದಿನ ಅವರು ತವರಿಗೆ ಹೊರಡುವವರಿದ್ದರು. ನಾಲ್ಕು ದಿನಕ್ಕೆಂದು ಹೊರಟವರು ತಮ್ಮ ಅಷ್ಟೂ ಸೀರೆಗಳನ್ನು ಟ್ರಂಕಿಗೆ ತುಂಬಿದ್ದನ್ನು ಕಂಡವಳು ನಾನೊಬ್ಬಳೇ.

ಹೊಳೆ ದಾಟುವಾಗ ಚೆನ್ನತ್ತೆ ಪಾಚಿಗಲ್ಲಿನ ಮೇಲೆ ಜಾರಿ ಎದೆಮಟ್ಟ ನೀರಿಗೆ ಬಿದ್ದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೆಂಕಿಪೊಟ್ಟಣ ಗಂಜಿಯಾಯಿತು.

"ಬೆಂಕಿಯ ಯಜಮಾನ್ತಿ ತಾನೇ ನಂದಿಹೋದಳಲ್ಲೋ!" ಎಂದು ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು.

"ನಗು ಅವ್ವ, ನಗು. ಇವತ್ತು ಎಲ್ರೂ ಹಸಿ ಅಕ್ಕಿ ತಿನ್ರಿ" ಎಂದಳು ಅತ್ತೆ, ಹಲ್ಲು ಕಟಕಟಿಸುತ್ತ. ಮೋಡ ಕವಿದಿತ್ತು, ಗಾಳಿ ಚಳಿ ಹೊತ್ತು ಬರುತ್ತಿತ್ತು.

ಅಜ್ಜಿ ಎಲೆಅಡಿಕೆಯ ಚೀಲ ತಡಕಿ ಚಕಮಕಿ ಕಲ್ಲು, ಉಕ್ಕಿನ ತುಂಡು, ಜೊತೆಗೊಂದು ನಶ್ಯದ ಡಬ್ಬಿ ತೆಗೆದಳು. ಡಬ್ಬಿಯಲ್ಲಿ ಕರ್ರಗಿನ ಬಟ್ಟೆಯ ಚೂರುಗಳಿದ್ದವು. "ಹಳೇ ಹತ್ತಿಬಟ್ಟೆ. ಡಬ್ಬೀಲಿ ಮುಚ್ಚಿ ಕೆಂಡದ ಮೇಲಿಟ್ರೆ ಹೀಗೆ ಕರಿಯಾಗುತ್ತೆ. ಕಿಡಿ ಹಿಡಿಯೋದು ಇದು. ಹಾಸಿಗೆ ನೀನು ತಾರೇ. ನನ್ನ ಕೈ ನಡುಗುತ್ವೆ, ಕುಟ್ಟೋದೂ ನೀನೇ."

ನಾನು ಉಡಿ ತುಂಬ ತರಗು, ಕಡ್ಡಿ ಬಾಚಿ ತಂದೆ. ಅಜ್ಜಿ ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡಿದಳು. "ಈ ತರಗು ನೆಲದಿಂದ ಎತ್ತಿದ್ದು. ತಣ್ಣಗಿದೆ, ಬಿಸಾಕು. ಕೊಂಬೇಲಿ ಸಿಕ್ಕೊಂಡು ಒಣಗಿರುತ್ತಲ್ಲ, ಅದನ್ನ ತಾ. ಕಡ್ಡಿ ಮುರಿದ್ರೆ ಚಟ್ ಅನ್ಬೇಕು. ಬಾಗಿದ್ರೆ ಅದರಲ್ಲಿನ್ನೂ ನೀರಿದೆ ಅಂತ."

ನಾನು ಮತ್ತೆ ಹೋಗಿ ಬಂದೆ. ಕುಟ್ಟಿ ಕುಟ್ಟಿ ಕಿಡಿ ಹಾರಿಸಿದೆ. ಕರಿಬಟ್ಟೆಯ ಅಂಚಿನಲ್ಲಿ ಕೆಂಪು ಚುಕ್ಕಿ ಮೂಡಿತು. ಹಿಗ್ಗಿನಲ್ಲಿ ಅದನ್ನು ತರಗಿಗೆ ತುರುಕಿ, ಮೇಲೊಂದು ದಪ್ಪ ಸೌದೆ ಹೇರಿದೆ. ಬರೀ ಹೊಗೆ ಎದ್ದಿತು.

"ಹುಟ್ಟಿದ ಕೂಸಿಗೆ ಚಕ್ಕುಲಿ ತಿನ್ನಿಸ್ತೀಯಲ್ಲೇ!" ಅಜ್ಜಿ ತಲೆ ಚಚ್ಚಿಕೊಂಡಳು. "ಇದು ಕೆಟ್ಟಿತು. ದಾಕ್ಷಾಯಿಣಿ, ಅದನ್ನ ದೊಡ್ಡದು ಮಾಡಮ್ಮ, ಬೇರೆ ಹಾಸೋಣ."

ಅತ್ತಿಗೆ ಓಡಿಹೋಗಿ ತಬ್ಬಿಗೆ ಸಿಕ್ಕಷ್ಟು ಒಣಹುಲ್ಲು ತಂದರು. ಹೊಗೆಯ ಮೇಲೆ ಸುರಿಯಬೇಕು, ಅಷ್ಟರಲ್ಲಿ ಚೆನ್ನತ್ತೆ ಅವರ ತೋಳು ಹಿಡಿದಳು.

"ನೋಡಿದ್ರಾ? ಮತ್ತೆ ಅದೇ ಬುದ್ಧಿ! ಒಂದು ಹೇಳಿದ್ರೆ ಇನ್ನೊಂದು!"

ಅತ್ತಿಗೆ ಹುಲ್ಲನ್ನು ಎದೆಗವಚಿಕೊಂಡರು. "ಅಜ್ಜೀನೇ ಅಂದ್ರಲ್ಲ, ದೊಡ್ಡದು ಮಾಡು ಅಂತ. ಅವತ್ತು ದೀಪಕ್ಕೂ ಹಾಗೇ ಅಂದ್ರಿ. ಮಾಡಿದೆ. ಎಲ್ರೂ ಬೈದ್ರಿ."

ನನಗೆ ಆಗ ಹೊಳೆಯಿತು. ನಮ್ಮ ಮನೆಯಲ್ಲಿ ದೀಪವನ್ನಾಗಲಿ ಒಲೆಯನ್ನಾಗಲಿ 'ಆರಿಸು' ಎನ್ನುವುದು ಅಪಶಕುನ. ಅದಕ್ಕೇ 'ದೊಡ್ಡದು ಮಾಡು' ಎನ್ನುತ್ತಿದ್ದೆವು. ಹುಟ್ಟಿದಾಗಿನಿಂದ ಕೇಳಿದ ನಮಗೆ ಅದಕ್ಕೆ ಇನ್ನೊಂದು ಅರ್ಥವಿದೆ ಎಂಬುದೇ ಮರೆತುಹೋಗಿತ್ತು.

"ನಿಮ್ಮ ತವರಲ್ಲಿ ಏನಂತೀರಮ್ಮ?" ಅಜ್ಜಿ ಮೆಲ್ಲಗೆ ಕೇಳಿದಳು.

"ಶಾಂತ ಮಾಡು ಅಂತೀವಿ."

"ಅಯ್ಯೋ ನನ್ನ ಕಂದಾ" ಎಂದು ಅಜ್ಜಿ ಅವರ ಕೆನ್ನೆ ಸವರಿದಳು. "ನಾನಾಡಿದ ಮಾತನ್ನ ಅಕ್ಷರಕ್ಷರ ನಡೆಸಿದವಳು ಈ ಮನೇಲಿ ನೀನೊಬ್ಬಳೇ. ಅದಕ್ಕೇ ಬೈಸಿಕೊಂಡೆ!"

ಚೆನ್ನತ್ತೆ ಹಿಡಿದ ತೋಳನ್ನು ಬಿಟ್ಟಳು.

ಹೊಗೆಯ ಮೇಲೆ ನಾನೇ ಮರಳು ಸುರಿದೆ. ಚಕಮಕಿಯನ್ನು ಅತ್ತಿಗೆಯ ಕೈಗಿಟ್ಟೆ. ಅವರು ಸುತ್ತ ಕಣ್ಣಾಡಿಸಿ, ಜಾಲಿಯ ಕೊಂಬೆ ಬಗ್ಗಿಸಿ ಗೀಜಗನ ಹಳೆಯ ಗೂಡೊಂದನ್ನು ಕಿತ್ತರು. ಮೊದಲು ಕಿವಿಯ ಬಳಿ ಹಿಡಿದು ಆಲಿಸಿದರು, ಒಳಗೆ ಯಾರೂ ಇಲ್ಲವಲ್ಲ ಎಂದು. ಅಡುಗೆಗೆಂದು ತಂದಿದ್ದ ತೆಂಗಿನಕಾಯಿಯ ನಾರನ್ನು ಅಂಗೈಗಳ ನಡುವೆ ಉಜ್ಜಿ ಕೂದಲಿನಷ್ಟು ಎಳೆಎಳೆ ಮಾಡಿದರು. ಎಕ್ಕದ ಕಾಯಿ ಬಿರಿದು ಹೊರಚೆಲ್ಲಿದ ಅರಳೆಯನ್ನು ಅದರ ನಡುವೆ ಇಟ್ಟು, ಎರಡನ್ನೂ ಗೂಡಿನೊಳಗೆ ಹಾಸಿದರು. ಕಲ್ಲು ಕುಟ್ಟಿದರು. ಕೆಂಪು ಚುಕ್ಕಿ ಹಿಡಿದ ಕರಿಬಟ್ಟೆಯನ್ನು ಅರಳೆಯ ಮೇಲಿಟ್ಟು, ಗೂಡನ್ನು ಬೊಗಸೆಯಲ್ಲೆತ್ತಿ, ಮಲಗಿದವರಿಗೆ ಎಚ್ಚರವಾಗದ ಹಾಗೆ ಉಸಿರು ಬಿಟ್ಟರು.

"ಸೌದೆ ಹಾಕಲಾ?" ಎಂದೆ ನಾನು, ತಡೆಯಲಾರದೆ.

"ತಡೀರಿ. ಇನ್ನೂ ಹಾಲುಗೂಸು" ಎಂದರು ಅತ್ತಿಗೆ, ಗೂಡಿನಿಂದ ಕಣ್ಣು ಕೀಳದೆ. ಹೊಗೆ ಬೆಳ್ಳಗಾಯಿತು, ದಟ್ಟವಾಯಿತು. ಆಮೇಲೆ ಭಗ್ಗನೆ ಗೂಡು ಹೊತ್ತಿಕೊಂಡಿತು. ಅವರು ಅದನ್ನು ಮೂರು ಕಲ್ಲುಗಳ ನಡುವೆ ಇಳಿಸಿ, ಹುಲ್ಲು, ಆಮೇಲೆ ಕಡ್ಡಿ, ಆಮೇಲೆ ಸೌದೆ, ಹೀಗೆ ಒಂದೊಂದಾಗಿ ಉಣಿಸಿದರು.

ಚೆನ್ನತ್ತೆ ಸ್ವಲ್ಪ ಹೊತ್ತು ದೂರವೇ ನಿಂತಿದ್ದಳು. ಆಮೇಲೆ ಬಂದು ಅತ್ತಿಗೆಯ ಪಕ್ಕದಲ್ಲಿ ಕುಕ್ಕರಿಸಿದಳು.

"ನಾಳೆ ತವರಿಗೆ ಹೋಗ್ತೀಯಂತೆ. ಹೋಗಿ ಬಾ. ಅಲ್ಲೇ ಬೇರೂರಬೇಡ ಮತ್ತೆ. ಒಲೆ ಮುಂದೆ ಕೂತೂ ಕೂತೂ ನನ್ನ ಕಣ್ಣು ಹೋದ್ವು."

ಅತ್ತಿಗೆ ಉರಿಯುವ ಸೌದೆಯೊಂದನ್ನು ಅತ್ತೆಯ ಕಡೆಗೆ ತುಸು ಸರಿಸಿದರು. ಅತ್ತೆ ಒದ್ದೆ ಸೆರಗನ್ನು ಎರಡೂ ಕೈಯಲ್ಲಿ ಹರಡಿ ಹಿಡಿದಳು. ಅದರಿಂದ ಆವಿ ಮೆಲ್ಲಗೆ ಎದ್ದು ಇಬ್ಬರ ಮುಖಗಳ ನಡುವೆ ತೇಲಿಹೋಯಿತು.